ಕನ್ನಡದ ಕೂಗಳತೆಯಲ್ಲೊಂದು ಜರ್ಮನ್ ಮನೆ

ಕೆಲಸದ ಮೇಲೆ ಜರ್ಮನಿಗೆ ಹೊರಟವರ ಮನೆಯಲ್ಲಿ ವೀಸಾ ಕೈಗೆ ಬರುವ ಮೊದಲೇ ಏಳುವ ಪ್ರಶ್ನೆಯೊಂದಿದೆ: ಅಲ್ಲಿ ನಮ್ಮವರು ಎಲ್ಲಿದ್ದಾರೆ? ಸಂಕೋಚಪಡಬೇಕಾದ ಪ್ರಶ್ನೆ ಇದಲ್ಲ. ಪರದೇಶಕ್ಕೆ ಹೋದಮೇಲೆ ಅಲ್ಲಿಯವರೊಡನೆ ಬೆರೆಯಿರಿ, ನಮ್ಮವರನ್ನೇ ಹುಡುಕಿಕೊಂಡು ಹೋಗಬೇಡಿ ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಜ್ವರ ಬಂದ ಮಗುವನ್ನು ಎತ್ತಿಕೊಂಡು ಭಾಷೆ ಗೊತ್ತಿಲ್ಲದ ಊರಲ್ಲಿ ನಿಂತ ತಾಯಿಗೆ ಆ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ಕನ್ನಡ ಮಾತಾಡುವ ಎರಡೇ ಎರಡು ಮನೆ ಹತ್ತಿರದಲ್ಲಿದ್ದರೂ ಮೊದಲ ವರ್ಷದ ಭಾರ ಅರ್ಧವಾಗುತ್ತದೆ. ಆದರೆ ಹತ್ತಿರ ಎಂದರೆ ಎಷ್ಟು ಹತ್ತಿರ, ಯಾರಿಗೆ ಹತ್ತಿರ ಎನ್ನುವುದನ್ನು ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ತೀರ್ಮಾನಿಸಬೇಕು.

1. ಮನೆಯಲ್ಲಿ ಉಳಿಯುವವರನ್ನು ಕೇಳಿ

ಬಹುತೇಕ ಕುಟುಂಬಗಳಲ್ಲಿ ಮನೆ ಹುಡುಕುವುದು ಆಫೀಸಿಗೆ ಹೋಗುವವರು. ಅವರು ಆಫೀಸಿನ ದೂರವನ್ನು ಮೊದಲು ನೋಡುತ್ತಾರೆ. ಅವರಿಗೆ ಕನ್ನಡದ ನೆರೆಹೊರೆ ಅಷ್ಟಾಗಿ ಬೇಕಾಗಿಯೂ ಇರುವುದಿಲ್ಲ. ಹಗಲೆಲ್ಲ ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ಊಟದ ಹೊತ್ತಿಗೆ ಮಾತಾಡಲು ಸಹೋದ್ಯೋಗಿಗಳಿರುತ್ತಾರೆ. ಕನ್ನಡ ನಿಜವಾಗಿ ಬೇಕಾಗುವುದು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿರುವವರಿಗೆ: ಕೆಲಸ ಬಿಟ್ಟು ಜೊತೆಗೆ ಬಂದ ಹೆಂಡತಿಗೆ ಅಥವಾ ಗಂಡನಿಗೆ, ಇನ್ನೂ ಶಾಲೆಗೆ ಸೇರದ ಮಗುವಿಗೆ, ಬಾಣಂತನಕ್ಕೆಂದು ಬರುವ ಅಮ್ಮನಿಗೆ ಅಥವಾ ಅತ್ತೆಗೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿರುವವರ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆಯಿರಿ. ಎಷ್ಟು ಹೊತ್ತು ಒಬ್ಬರೇ ಇರುತ್ತಾರೆ? ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ನಡೆದೇ ಹೋಗಬಹುದಾದ ಗೆಳತಿಯ ಮನೆ ಬೇಕೇ, ವಾರಕ್ಕೊಮ್ಮೆ ಭೇಟಿಯಾದರೆ ಸಾಕೇ? ಷೆಂಗೆನ್ ವೀಸಾದಲ್ಲಿ ಬರುವ ಅಪ್ಪ ಅಮ್ಮ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಆ ಮೂರು ತಿಂಗಳು ಅವರು ಯಾರ ಜೊತೆ ಪಾರ್ಕಿಗೆ ಹೋಗುತ್ತಾರೆ? ಒಂಟಿಯಾಗಿ ಹೋಗುವ ಇಪ್ಪತ್ತೈದರ ಹುಡುಗ ಹುಡುಗಿಯರ ಉತ್ತರ ಬೇರೆಯೇ ಇರುತ್ತದೆ. ಅವರಿಗೆ ತಿಂಗಳಿಗೊಮ್ಮೆ ಕನ್ನಡ ಸಂಘದ ಕಾರ್ಯಕ್ರಮ ಸಾಕಾದೀತು, ಅದಕ್ಕಾಗಿ ಆಫೀಸಿನಿಂದ ದೂರ ಮನೆ ಮಾಡಬೇಕಿಲ್ಲ.

2. 'ಇಂಡಿಯನ್ ಏರಿಯಾ' ಎಂದರೆ ಕನ್ನಡದ ಏರಿಯಾ ಅಲ್ಲ

ಜರ್ಮನಿಯಲ್ಲಿ ಕನ್ನಡಿಗರು ಒಂದು ಬೀದಿಯಲ್ಲಿ ಗುಂಪಾಗಿ ನೆಲೆಸಿಲ್ಲ, ಕಂಪನಿಗಳ ಸುತ್ತ ಹರಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇರುವ ಜರ್ಮನ್ ಕಂಪನಿಗಳ ತವರೂರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಬಾಷ್ ಮತ್ತು ಮರ್ಸಿಡಿಸ್ ಇರುವ ಸ್ಟುಟ್‌ಗಾರ್ಟ್, ಅದರ ಪಕ್ಕದ ಗೇರ್ಲಿಂಗೆನ್, ಸಿಂಡೆಲ್‌ಫಿಂಗೆನ್, ಎಸ್‌ಎಪಿಯ ವಾಲ್‌ಡಾರ್ಫ್, ಹತ್ತಿರದ ಹೈಡೆಲ್‌ಬರ್ಗ್, ಸೀಮೆನ್ಸ್ ಇರುವ ಎರ್ಲಾಂಗೆನ್, ಬಿಎಂಡಬ್ಲ್ಯು ಮತ್ತು ಇನ್ಫಿನಿಯಾನ್‌ನ ಮ್ಯೂನಿಕ್, ಬ್ಯಾಂಕುಗಳ ಫ್ರಾಂಕ್‌ಫರ್ಟ್. ನಗರವನ್ನು ನಿಮ್ಮ ಕೆಲಸವೇ ನಿರ್ಧರಿಸುತ್ತದೆ. ನಿಮ್ಮ ಕೈಯಲ್ಲಿರುವುದು ನಗರದೊಳಗಿನ ಬಡಾವಣೆ, ಇಲ್ಲವೇ ಹೊರವಲಯದ ಸಣ್ಣ ಊರು.

ಇಂಡಿಯನ್ ಅಂಗಡಿ ಇದೆ, ಸಂಜೆ ಪಾರ್ಕಿನಲ್ಲಿ ಭಾರತೀಯರು ಕಾಣುತ್ತಾರೆ ಎಂದು ಮಾತ್ರ ನೋಡಿ ಬಡಾವಣೆ ಆರಿಸಿದರೆ ನೆರೆಯವರೊಡನೆ ಮತ್ತೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡಬೇಕಾಗಬಹುದು. ಅದೂ ಒಳ್ಳೆಯ ಒಡನಾಟವೇ. ಆದರೆ ಊರಿನಿಂದ ಬಂದ ಅಮ್ಮನಿಗೆ ಅದು ಜರ್ಮನ್ನಿನಷ್ಟೇ ದೂರ. ಕನ್ನಡದ ಮನೆ ಎಂದಾಗ ತುಳು, ಕೊಂಕಣಿ, ಬ್ಯಾರಿ, ಕೊಡವ ಮನೆಮಾತಿನವರನ್ನೂ ಸೇರಿಸಿಕೊಂಡೇ ಹುಡುಕಿ. ಪಕ್ಕದ ಬೀದಿಯ ಮಂಗಳೂರಿನವರು ಮೊದಲ ಮಾತಿಗೇ ಕನ್ನಡಕ್ಕೆ ಹೊರಳುತ್ತಾರೆ.

ವಿಚಾರಿಸಲು ಒಳ್ಳೆಯ ಜಾಗಗಳು ಮೂರು. ನಿಮ್ಮದೇ ಕಂಪನಿಯಲ್ಲಿ ಈಗಾಗಲೇ ಅಲ್ಲಿಗೆ ಹೋದವರು. ಮ್ಯೂನಿಕ್‌ನ ಸಿರಿಗನ್ನಡ ಕೂಟ, ಫ್ರಾಂಕ್‌ಫರ್ಟ್ ಕಡೆಯ ರೈನ್ ಮೈನ್ ಕನ್ನಡ ಸಂಘದಂಥ ಸಂಘಗಳು. ಆ ಊರಿನ ಕನ್ನಡಿಗರ ವಾಟ್ಸಾಪ್ ಗುಂಪುಗಳು. "ನೀವು ಎಲ್ಲಿದ್ದೀರಿ?" ಎಂದು ಕೇಳಿದರೆ ವಿಳಾಸ ಸಿಗುತ್ತದೆ. ಅದಕ್ಕಿಂತ ಉಪಯುಕ್ತ ಪ್ರಶ್ನೆಗಳಿವೆ: "ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಮಗುವನ್ನು ಯಾರ ಮನೆಯಲ್ಲಿ ಬಿಡ್ತೀರಿ?", "ನಡುಹಗಲಲ್ಲಿ ನಿಮ್ಮ ಮನೆಯವರು ಯಾರ ಜೊತೆ ಮಾತಾಡ್ತಾರೆ?", "ಈಗ ಮತ್ತೆ ಮನೆ ಹುಡುಕಿದರೆ ಇದೇ ಜಾಗ ಆರಿಸ್ತೀರಾ?" ಈ ಮೂರಕ್ಕೆ ನಾಲ್ಕೈದು ಕುಟುಂಬಗಳ ಉತ್ತರ ಸಿಕ್ಕರೆ ಯಾವ ರೈಲುಮಾರ್ಗದ ಯಾವ ನಿಲ್ದಾಣದ ಸುತ್ತ ನಿಮ್ಮವರಿದ್ದಾರೆ ಎನ್ನುವುದು ತಾನಾಗಿ ತಿಳಿಯುತ್ತದೆ.

3. ಮೊದಲ ಎರಡು ಮೂರು ತಿಂಗಳು ತಾತ್ಕಾಲಿಕ ಮನೆ

ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಕಾಯಂ ಮನೆ ಗೊತ್ತು ಮಾಡಬೇಡಿ. ಪೀಠೋಪಕರಣ ಸಮೇತ ಸಿಗುವ ತಾತ್ಕಾಲಿಕ ಮನೆಯಲ್ಲಿ ಇಳಿದುಕೊಂಡು ಹುಡುಕಿ. ಬಾಡಿಗೆ ದುಬಾರಿ, ಆದರೂ ತಪ್ಪು ಬಡಾವಣೆಯಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಅಗ್ಗ. ಅಲ್ಲಿ ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ಕೆಲವು ಕರಾರುಗಳಲ್ಲಿ ಇಂತಿಷ್ಟು ಕಾಲ ಬಿಡುವಂತಿಲ್ಲ ಎಂಬ ಷರತ್ತೂ ಇರುತ್ತದೆ, ಅದು ನಾಲ್ಕು ವರ್ಷದವರೆಗೂ ಇರಬಹುದು.

ತಾತ್ಕಾಲಿಕ ಮನೆ ಹಿಡಿಯುವಾಗ ತಪ್ಪದೆ ಕೇಳಬೇಕಾದ್ದು ಒಂದು: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಾಸಸ್ಥಳದ ನೋಂದಣಿ ಮಾಡಿಸಬಹುದೇ? ಮನೆ ಸೇರಿದ ಎರಡು ವಾರದೊಳಗೆ ಈ ನೋಂದಣಿ ಆಗಬೇಕೆಂದು ಕಾನೂನಿದೆ. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಈ ನೋಂದಣಿಯಾದ ಮೇಲೆಯೇ. "ನಮ್ಮ ಮನೆಯಲ್ಲೇ ಇರಿ, ಆದರೆ ನೋಂದಣಿ ಬೇಡ" ಎಂದು ಪರಿಚಯದವರೇ ಹೇಳಿದರೂ ಒಪ್ಪಬೇಡಿ.

4. ಅರ್ಧ ಗಂಟೆಯ ಗೆರೆ

ಒಂದೇ ಕಟ್ಟಡದಲ್ಲಿ, ಎದುರು ಬಾಗಿಲಿನಲ್ಲಿ ಕನ್ನಡದವರು ಸಿಗಲಿ ಎಂದು ಹಂಬಲಿಸುವವರಿದ್ದಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಗಂಡಂದಿರು ಒಂದೇ ಕಂಪನಿ, ಮಕ್ಕಳು ಒಂದೇ ತರಗತಿ, ಬಾಗಿಲೂ ಎದುರುಬದುರು ಎಂದಾದರೆ ಸಣ್ಣ ಮನಸ್ತಾಪವೂ ದೊಡ್ಡದಾಗುತ್ತದೆ. ಕೆಲಸ ಹೋದಾಗ, ಮನೆಯಲ್ಲಿ ಜಗಳವಾದಾಗ ಯಾರಿಗೂ ತಿಳಿಯದಂತೆ ಉಸಿರಾಡಲು ಒಂದಿಷ್ಟು ಜಾಗ ಬೇಕು. ಹತ್ತರಿಂದ ಮೂವತ್ತು ನಿಮಿಷದ ದೂರ, ದಾರಿಯಲ್ಲಿ ರೈಲು ಬದಲಿಸುವಂತಿಲ್ಲ: ಇದು ನಾನು ಹೇಳುವ ಅಳತೆ. ರೈಲು ಬದಲಿಸಬೇಕಾದರೆ ಮಂಜು ಬೀಳುವ ಜನವರಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಯಾರೂ ಹೊರಡುವುದಿಲ್ಲ. ನಕ್ಷೆಯ ಮೇಲೆ ನಾಲ್ಕೇ ಕಿಲೋಮೀಟರ್ ಇದ್ದರೂ ಆ ಮನೆ ದೂರದ್ದೇ.

ಹೀಗಾಗಿ ಕಿಲೋಮೀಟರ್ ಎಣಿಸಬೇಡಿ, ಎಸ್-ಬಾನ್ (ನಗರ ರೈಲು) ಅಥವಾ ಉ-ಬಾನ್ (ಮೆಟ್ರೊ) ಮಾರ್ಗ ನೋಡಿ. ಆಫೀಸು, ಗೆಳೆಯರ ಮನೆ, ನಿಮ್ಮ ಮನೆ ಒಂದೇ ಮಾರ್ಗದ ಮೇಲಿದ್ದರೆ ಎಲ್ಲವೂ ಸಲೀಸು. ದೇಶದಾದ್ಯಂತ ಸ್ಥಳೀಯ ರೈಲು, ಬಸ್ಸುಗಳಲ್ಲಿ ಓಡಾಡಬಹುದಾದ ಡಾಯ್ಚ್‌ಲಾಂಡ್ ಟಿಕೆಟ್‌ಗೆ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಮನೆಯಲ್ಲಿರುವವರಿಗೂ ಒಂದು ಕೊಡಿಸಿ. ಆಫೀಸಿಗೆ ಹೋಗುವವರಿಗೆ ಮಾತ್ರ ಪಾಸು ಮಾಡಿಸಿ, ಮನೆಯಲ್ಲಿರುವವರು ಪ್ರತಿ ಸಲ ಟಿಕೆಟ್ ದರ ನೋಡಿ ಹಿಂಜರಿಯುವಂತೆ ಮಾಡುವುದು ಎಲ್ಲಿಯ ಉಳಿತಾಯ?

ಇಷ್ಟವಾದ ಬಡಾವಣೆಯಲ್ಲಿ ಎರಡು ಬಾರಿಯಾದರೂ ನಡೆದಾಡಿ. ಅದರಲ್ಲಿ ಒಂದು ದಿನ ಭಾನುವಾರವಾಗಿರಲಿ. ಅಂದು ಅಂಗಡಿಗಳು ಮುಚ್ಚಿರುತ್ತವೆ, ಬೀದಿಗಳು ಭಣಭಣ ಎನ್ನುತ್ತವೆ. ಆ ಮೌನ ನಿಮ್ಮವರಿಗೆ ಹಿಡಿಸುತ್ತದೆಯೇ ನೋಡಿ. ನಿಲ್ದಾಣದಲ್ಲಿ ಲಿಫ್ಟ್ ಇದೆಯೇ, ಹತ್ತಿರದಲ್ಲಿ ಮಕ್ಕಳ ವೈದ್ಯರಿದ್ದಾರೆಯೇ ಎಂಬುದನ್ನೂ ಅಂದೇ ಗುರುತು ಹಾಕಿಕೊಳ್ಳಿ; ಆ ವೈದ್ಯರು ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮರುದಿನ ಫೋನ್ ಮಾಡಿ ವಿಚಾರಿಸಿ.

5. ಮಕ್ಕಳಿದ್ದರೆ ಶಾಲೆ ಮೊದಲು, ನೆರೆ ಆಮೇಲೆ

ಬವೇರಿಯಾ, ಬಾಡೆನ್-ವ್ಯೂರ್ಟೆಂಬರ್ಗ್, ಹೆಸ್ಸೆ ರಾಜ್ಯಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ. ರಸ್ತೆಯ ಆಚೆ ಬದಿಯ ಮನೆಗೆ ಬೇರೆ ಶಾಲೆ ಬರಬಹುದು. ಕನ್ನಡದ ಗೆಳತಿಯ ಮಗ ಓದುವ ಶಾಲೆಗೇ ನಿಮ್ಮ ಮಗಳೂ ಹೋಗಬೇಕಾದರೆ ಸಹಿ ಹಾಕುವ ಮುನ್ನ ಆ ವಿಳಾಸ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ ಎಂದು ನಗರಾಡಳಿತದಲ್ಲಿ ಕೇಳಿ.

ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕೀಟಾ, ಅಂದರೆ ಶಿಶುವಿಹಾರ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕೆಂಬ ಹಕ್ಕು 2013ರ ಆಗಸ್ಟ್‌ನಿಂದ ಕಾನೂನಿನಲ್ಲಿದೆ, ಆದರೂ ದೊಡ್ಡ ನಗರಗಳಲ್ಲಿ ಕಾಯಬೇಕಾಗುತ್ತದೆ. ನೋಂದಣಿಯಾದ ಕೂಡಲೇ ಅರ್ಜಿ ಹಾಕಿ. ಮಗು ಜರ್ಮನ್ನನ್ನು ಕೀಟಾದಲ್ಲಿ ಕಲಿಯುತ್ತದೆ, ನೀವು ಮನೆಯಲ್ಲಿ ಧೈರ್ಯವಾಗಿ ಕನ್ನಡವನ್ನೇ ಆಡಿ. ಅರೆಬರೆ ಜರ್ಮನ್ನಿನಲ್ಲಿ ಮಗುವನ್ನು ಮಾತಾಡಿಸುವುದರಿಂದ ಎರಡೂ ಭಾಷೆಗೆ ನಷ್ಟ. ವಾರಾಂತ್ಯದ ಕನ್ನಡ ತರಗತಿ ನಿಮ್ಮ ಊರಲ್ಲಿ ಇಲ್ಲದಿದ್ದರೆ ಮೂರು ಮನೆಯವರು ಸೇರಿ ಒಬ್ಬರ ಮನೆಯ ನಡುಮನೆಯಲ್ಲೇ ಶುರುಮಾಡಬಹುದು. ಕಾಗುಣಿತ ಕಲಿಸಲು ಸಭಾಂಗಣ ಬೇಕಿಲ್ಲ.

6. ನಮ್ಮವರ ಮೂಲಕ ಮನೆ, ಆದರೆ ಕಾಗದದ ಮೇಲೆ

ಒಂದೇ ಭಾಷೆಯವರ ಬಳಗದಿಂದ ಕೈಗೆ ಸಿಗುವ ದೊಡ್ಡ ಲಾಭ ಇಲ್ಲಿದೆ. ಮೂರು ತಿಂಗಳ ನೋಟಿಸಿನ ಬಾಡಿಗೆ ಉಳಿಸಲು ಬಯಸುವ ಬಾಡಿಗೆದಾರರು ತಮ್ಮ ಜಾಗಕ್ಕೆ ನಾಖ್‌ಮೀಟರ್, ಅಂದರೆ ಮುಂದಿನ ಬಾಡಿಗೆದಾರರನ್ನು ತಾವೇ ಹುಡುಕಿ ಮನೆ ಮಾಲೀಕರಿಗೆ ಪರಿಚಯಿಸುತ್ತಾರೆ. ಒಪ್ಪಲೇಬೇಕೆಂಬ ಕಟ್ಟುಪಾಡು ಮಾಲೀಕರಿಗೆ ಸಾಮಾನ್ಯವಾಗಿ ಇಲ್ಲವಾದರೂ ನೂರಾರು ಅರ್ಜಿಗಳ ನಡುವೆ ಕಳೆದುಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಊರಿಗೆ ಮರಳುವ ಅಥವಾ ದೊಡ್ಡ ಮನೆಗೆ ಹೋಗುವ ಕನ್ನಡಿಗರು ಮೊದಲು ತಿಳಿಸುವುದು ತಮ್ಮ ವಾಟ್ಸಾಪ್ ಗುಂಪಿಗೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಆ ಗುಂಪು ಸೇರಿಕೊಳ್ಳಿ, ಕಾಗದಗಳನ್ನು ಒಂದೇ ಪಿಡಿಎಫ್‌ನಲ್ಲಿ ಸಿದ್ಧವಾಗಿಟ್ಟುಕೊಳ್ಳಿ: ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಕೆಲಸದ ಕರಾರು, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಸಾಲ ತೀರಿಸುವ ನಡತೆ ತೋರಿಸುವ ಶೂಫಾ ವರದಿ, ಕುಟುಂಬವನ್ನು ಪರಿಚಯಿಸುವ ಅರ್ಧ ಪುಟದ ಜರ್ಮನ್ ಪತ್ರ. ಹೊಸಬರಿಗೆ ಮೂರು ತಿಂಗಳ ಚೀಟಿ ಇರುವುದಿಲ್ಲ. ಆಗ ಕಂಪನಿಯಿಂದ ಸಂಬಳದ ಪತ್ರ ಬರೆಸಿಕೊಳ್ಳಿ.

ಇನ್ನು ಎಚ್ಚರಿಕೆಯ ಮಾತು. "ನಮ್ಮವರೇ ಅಲ್ವಾ" ಎಂದು ಬಾಯಿಮಾತಿನ ಮೇಲೆ ಹಣ ಕೊಡಬೇಡಿ. ಮುಂಗಡ ಹಣ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಅದೂ ಕಾಲ್ಟ್‌ಮೀಟೆಯ, ಅಂದರೆ ಹೀಟರ್, ನೀರಿನ ಖರ್ಚು ಸೇರಿಸದ ಮೂಲ ಬಾಡಿಗೆಯ ಲೆಕ್ಕದಲ್ಲಿ. ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ನಿಮಗಿದೆ. ಆ ಹಣ ಹೋಗಬೇಕಾದ್ದು ಮಾಲೀಕರಿಗೆ, ಮನೆ ಬಿಡುವ ಗೆಳೆಯರ ಖಾತೆಗಲ್ಲ. ಅನೇಕ ಮನೆಗಳು ಅಡುಗೆಮನೆಯ ಕಪಾಟು, ಒಲೆ, ಸಿಂಕ್ ಕೂಡ ಇಲ್ಲದೆ ಬರುತ್ತವೆ. ಹಿಂದಿನವರು ತಮ್ಮದನ್ನು ನಿಮಗೆ ಮಾರುವುದು ರೂಢಿ. ಏನೇನು, ಎಷ್ಟಕ್ಕೆ ಎಂದು ಬರೆದು ಇಬ್ಬರೂ ಸಹಿ ಹಾಕಿ. ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಇಬ್ಬರಿಗೂ ತೊಂದರೆ. ಮನೆ ನೋಡುವ ಮೊದಲೇ ಹಣ ಕೇಳಿ "ಕೀಲಿ ಕೊರಿಯರ್‌ನಲ್ಲಿ ಬರುತ್ತದೆ" ಎನ್ನುವವರು ವಂಚಕರು, ಅವರು ಯಾವ ಭಾಷೆಯಲ್ಲೇ ಮಾತಾಡಲಿ.

ಒಗ್ಗರಣೆ ಇಲ್ಲದೆ ನಮ್ಮ ಅಡುಗೆ ಇಲ್ಲ, ಹಾಗಾಗಿ ಅಡುಗೆಮನೆಗೆ ಕಿಟಕಿ ಇದೆಯೇ, ಒಲೆಯ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಬಿಡುತ್ತದೆಯೇ ಎಂದು ನೋಡಿ. ಎಷ್ಟೋ ಕಡೆ ಅದು ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುತ್ತದೆ.

7. ಸೇರಿದ ಮೇಲೆ

ಕನ್ನಡದ ಒಂದು ಮನೆಗೆ ನಿಮ್ಮ ಮನೆಯ ಇನ್ನೊಂದು ಕೀಲಿ ಕೊಟ್ಟಿರಿ. 112 ಆಂಬುಲೆನ್ಸ್ ಮತ್ತು ಅಗ್ನಿಶಾಮಕ, 110 ಪೊಲೀಸ್, ವೈದ್ಯರ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಪ್ರಾಣಾಪಾಯವಿಲ್ಲದ ಕಾಯಿಲೆಗೆ 116117: ಈ ಸಂಖ್ಯೆಗಳನ್ನು, ಮನೆಯ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿ. ಅಪ್ಪ ಅಮ್ಮ ಬಂದಾಗ ಓದುವುದು ಅವರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಹಬ್ಬಕ್ಕೆ ಹತ್ತು ಮನೆಯವರನ್ನು ಕರೆಯುವುದಾದರೆ ಎರಡು ದಿನ ಮುಂಚೆ ಕೆಳಗಿನ, ಮೇಲಿನ ಮನೆಗಳಿಗೆ ತಿಳಿಸಿ, ಆ ದಿನ ಒಂದು ತಟ್ಟೆ ಸಿಹಿಯನ್ನೂ ಕೊಟ್ಟುಬನ್ನಿ.

ಜರ್ಮನ್ ಕಲಿಯುವುದನ್ನು ಮುಂದೂಡಬೇಡಿ, ವಿಶೇಷವಾಗಿ ಮನೆಯಲ್ಲಿರುವವರು. ಬ್ಲೂ ಕಾರ್ಡ್ (ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇರುವವರ ಸಂಗಾತಿಗೆ ಬರುವ ಮೊದಲು ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದಮೇಲೆ ಕೆಲಸ ಮಾಡಲು ಅಡ್ಡಿಯೂ ಇಲ್ಲ. ಈ ಸಡಿಲಿಕೆಯಿಂದಾಗಿಯೇ ಎಷ್ಟೋ ಮಂದಿಯ ಕಲಿಕೆ ನಿಂತುಹೋಗುತ್ತದೆ. ಬ್ಲೂ ಕಾರ್ಡ್‌ನವರಿಗೆ ಬಿ1 ಮಟ್ಟದ ಜರ್ಮನ್ ಇದ್ದರೆ 21 ತಿಂಗಳಲ್ಲಿ, ಎ1 ಇದ್ದರೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಮುಗಿಸಿ ಹೊರಟರೆ ಒಳ್ಳೆಯದು; ಜರ್ಮನಿಯ ಹೆಚ್ಚಿನ ಊರುಗಳಲ್ಲೂ ವಯಸ್ಕರಿಗೆ ಕಡಿಮೆ ಶುಲ್ಕದಲ್ಲಿ ಕಲಿಸುವ ಫೋಕ್ಸ್‌ಹೋಕ್‌ಶೂಲೆಗಳಿವೆ. ಕನ್ನಡದ ಗೆಳತಿಯರಿಬ್ಬರು ಒಟ್ಟಿಗೆ ಹೆಸರು ಕೊಟ್ಟರೆ ತರಗತಿ ತಪ್ಪಿಸುವುದು ಕಡಿಮೆ, ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಲೂಬಹುದು.

ಕೊನೆಯದಾಗಿ, ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಮಾತು. ಮನೆಯೊಳಗೆ ಹಿಂಸೆ ನಡೆದಾಗ ನಮ್ಮವರ ಬಳಗ ಕೆಲವೊಮ್ಮೆ "ಹೊಂದಿಕೊಂಡು ಹೋಗಮ್ಮ" ಎಂದು ಬಾಯಿ ಮುಚ್ಚಿಸುತ್ತದೆ. ಹಾಗಾದರೆ ಬಳಗದ ಅನುಮತಿಗೆ ಕಾಯಬೇಡಿ. 116016 ಮಹಿಳೆಯರಿಗಾಗಿಯೇ ಇರುವ ಸಹಾಯವಾಣಿ. ಹಗಲಿರುಳೂ ಉಚಿತ, ಹೆಸರು ಹೇಳಬೇಕಿಲ್ಲ, ಇಂಗ್ಲಿಷಿನಲ್ಲೂ ಮಾತಾಡಬಹುದು. ಜರ್ಮನಿಗೆ ಹೊರಟ ಮಗಳ, ತಂಗಿಯ, ಸೊಸೆಯ ಫೋನಿನಲ್ಲಿ ಈ ಸಂಖ್ಯೆಯನ್ನು ವಿಮಾನ ಹತ್ತುವ ಮೊದಲೇ ಉಳಿಸಿಕೊಡಿ.