ವೈದ್ಯಕೀಯ ಬಾಡಿಗೆದಾರರು ಮತ್ತು ಕಟ್ಟಡ ಮಾಲೀಕರ ಮಾಹಿತಿ ಸುರಕ್ಷತಾ ಹೊಣೆ

ನಗರಗಳ ವಾಣಿಜ್ಯ ಸಂಕೀರ್ಣಗಳಲ್ಲಿ ಇಂದು ಬಟ್ಟೆ ಅಂಗಡಿ, ಬ್ಯಾಂಕುಗಳ ಜೊತೆಗೆ ದಂತ ಚಿಕಿತ್ಸಾಲಯ, ರಕ್ತ ಪರೀಕ್ಷಾ ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರಗಳೂ ಬಾಡಿಗೆಗಿರುವುದು ಸಾಮಾನ್ಯವಾಗಿದೆ. ಭಾರಿ ಯಂತ್ರೋಪಕರಣಗಳನ್ನು ಅಳವಡಿಸಿಕೊಂಡ ಇಂತಹ ಸಂಸ್ಥೆಗಳು ಸುಲಭವಾಗಿ ಜಾಗ ಬದಲಿಸುವುದಿಲ್ಲ. ಆದ್ದರಿಂದ ಮಾಲೀಕರಿಗೆ ಇವು ಅಪೇಕ್ಷಣೀಯ ಬಾಡಿಗೆದಾರರು. ಆದರೆ ರೋಗಿಗಳ ಮಾಹಿತಿಯ ರಕ್ಷಣೆ ಸಂಪೂರ್ಣವಾಗಿ ಬಾಡಿಗೆದಾರರ ಹೊಣೆ, ತಮ್ಮ ಹೊಣೆ ಗೋಡೆ, ನೀರು ಮತ್ತು ವಿದ್ಯುತ್ತಿಗಷ್ಟೇ ಸೀಮಿತ ಎಂಬ ಭಾವನೆ ಅನೇಕ ಮಾಲೀಕರಲ್ಲಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ಕೆಲವು ಪ್ರಕರಣಗಳು ಸ್ಪಷ್ಟಪಡಿಸುತ್ತವೆ.

ಡಲ್ಲಾಸ್ ನಗರದ ಪ್ರಕರಣ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ನಾರ್ತ್ ಸೆಂಟ್ರಲ್ ಮೆಡಿಕಲ್ ಪ್ಲಾಜಾ ಕಟ್ಟಡದಲ್ಲಿ ಚಿಕಿತ್ಸಾಲಯವೊಂದು ನಡೆಯುತ್ತಿತ್ತು. 2009ರಲ್ಲಿ ಆ ಕಟ್ಟಡದ ರಾತ್ರಿ ಪಾಳಿಯ ಕಾವಲುಗಾರನೇ 14ಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಅಕ್ರಮವಾಗಿ ಪ್ರವೇಶಿಸಿದನು. ಅವುಗಳಲ್ಲಿ ದಾದಿಯರು ಬಳಸುತ್ತಿದ್ದ ಯಂತ್ರವೂ, ಹವಾನಿಯಂತ್ರಣವನ್ನು ನಿಯಂತ್ರಿಸುವ ಯಂತ್ರವೂ ಸೇರಿದ್ದವು. ಬೇಸಿಗೆಯ ಬಿಸಿಯಲ್ಲಿ ಹವಾನಿಯಂತ್ರಣ ಕೆಟ್ಟರೆ ರೋಗಿಗಳಿಗೂ ಔಷಧಗಳಿಗೂ ಅಪಾಯ. ಆತನಿಗೆ 2011ರಲ್ಲಿ 110 ತಿಂಗಳ ಸೆರೆವಾಸ ವಿಧಿಸಲಾಯಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಪರಾಧಿಯು ದೂರದೇಶದ ಅಪರಿಚಿತನಲ್ಲ. ಗುತ್ತಿಗೆ ಭದ್ರತಾ ಸಂಸ್ಥೆಯ ಮೂಲಕ ಬಂದು, ಕಟ್ಟಡದೊಳಗೆ ರಾತ್ರಿಯಿಡೀ ಓಡಾಡುವ ಅಧಿಕಾರ ಪಡೆದಿದ್ದ ವ್ಯಕ್ತಿ. ಚಿಕಿತ್ಸಾಲಯವು ತನ್ನ ಗಣಕಯಂತ್ರಗಳಿಗೆ ಎಷ್ಟೇ ರಕ್ಷಣೆ ಒದಗಿಸಿಕೊಂಡರೂ ಇಂತಹ ವ್ಯಕ್ತಿಯ ನೇಮಕ ಹಾಗೂ ಮೇಲ್ವಿಚಾರಣೆ ಅದರ ಕೈಯಲ್ಲಿರುವುದಿಲ್ಲ.

ಹಿಂಬಾಗಿಲು ತೆರೆಯುವ ಬಗೆ

ಇಂದಿನ ಕಟ್ಟಡಗಳಲ್ಲಿ ಸಿಸಿಟಿವಿ, ಲಿಫ್ಟ್, ಜನರೇಟರ್, ಹವಾನಿಯಂತ್ರಣ ಮತ್ತು ಪ್ರವೇಶ ದ್ವಾರದ ಕಾರ್ಡ್ ಯಂತ್ರಗಳು ಹಲವೆಡೆ ಅಂತರ್ಜಾಲಕ್ಕೆ ಜೋಡಣೆಯಾಗಿವೆ. ಇವುಗಳನ್ನು ಅಳವಡಿಸಿದ ಗುತ್ತಿಗೆದಾರರು ದೂರದಿಂದಲೇ ನಿರ್ವಹಣೆ ಮಾಡುವುದುಂಟು. ತಯಾರಕರು ಕೊಟ್ಟ ಮೂಲ ಪಾಸ್‌ವರ್ಡ್ ವರ್ಷಗಟ್ಟಲೆ ಬದಲಾಗದಿರುವುದೂ ಉಂಟು.

2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಜಾಲಕ್ಕೆ ಕಳ್ಳರು ನುಗ್ಗಿದ್ದು ಶೀತಲೀಕರಣ ಕೆಲಸದ ಗುತ್ತಿಗೆದಾರರೊಬ್ಬರಿಂದ ಕದ್ದ ಪಾಸ್‌ವರ್ಡ್ ಮೂಲಕ. ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರಗಳು ಸೋರಿಹೋದವು. ಸಣ್ಣ ಗುತ್ತಿಗೆದಾರರಿಗೆ ಕೊಟ್ಟ ಪ್ರವೇಶವೇ ದೊಡ್ಡ ಸಂಸ್ಥೆಗೆ ಮುಳುವಾಯಿತು.

ಬೇರೆ ಬೇರೆ ಕೆಲಸಗಳ ಜಾಲಗಳನ್ನು ಪ್ರತ್ಯೇಕಿಸದಿದ್ದರೆ ಆಗುವ ಹಾನಿಗೆ ನಮ್ಮ ದೇಶದಲ್ಲಿಯೂ ನಿದರ್ಶನವಿದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ದಾಳಿಗೊಳಗಾಗಿ, ಹೊರರೋಗಿಗಳ ನೋಂದಣಿ ಮುಂತಾದ ಸೇವೆಗಳು ಅನೇಕ ದಿನಗಳ ಕಾಲ ಕಾಗದದ ಮೇಲೆ ನಡೆದವು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು. ಒಂದೇ ಜಾಲವನ್ನು ಹತ್ತು ಮಂದಿ ಬಾಡಿಗೆದಾರರಿಗೆ ಹಂಚಿರುವ ಕಟ್ಟಡಕ್ಕೂ ಇದೇ ಪಾಠ ಅನ್ವಯಿಸುತ್ತದೆ.

ಕಾನೂನಿನ ನಿಲುವು

ರೋಗಿಗಳ ದಾಖಲೆಗಳಿಗೆ ಪ್ರಾಥಮಿಕ ಹೊಣೆ ಚಿಕಿತ್ಸಾಲಯದ್ದೇ ಸರಿ. ಆದರೆ ಕಟ್ಟಡದ ಸಿಸಿಟಿವಿ ಚಿತ್ರಗಳನ್ನು ಮತ್ತು ಗಣಕೀಕೃತ ಸಂದರ್ಶಕರ ನೋಂದಣಿಯನ್ನು ಇರಿಸಿಕೊಳ್ಳುವವರು ಮಾಲೀಕರು. ಯಾವ ವ್ಯಕ್ತಿ ಯಾವ ದಿನ ಯಾವ ತಜ್ಞ ವೈದ್ಯರನ್ನು ಕಾಣಲು ಬಂದರು ಎಂಬ ವಿವರವೇ ಆ ವ್ಯಕ್ತಿಯ ಕಾಯಿಲೆಯ ಸುಳಿವು ನೀಡಬಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಇದಲ್ಲದೆ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ.

ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

1. ಕಟ್ಟಡದ ಯಂತ್ರೋಪಕರಣಗಳ ಜಾಲವನ್ನು ಬಾಡಿಗೆದಾರರ ಜಾಲದಿಂದಲೂ, ಸಂದರ್ಶಕರ ವೈ-ಫೈ ಸೌಲಭ್ಯದಿಂದಲೂ ಸಂಪೂರ್ಣವಾಗಿ ಪ್ರತ್ಯೇಕಿಸುವುದು.

2. ಅಂತರ್ಜಾಲಕ್ಕೆ ಜೋಡಿಸಿದ ಪ್ರತಿಯೊಂದು ಉಪಕರಣದ ಪಟ್ಟಿ ತಯಾರಿಸಿ, ಮೂಲ ಪಾಸ್‌ವರ್ಡ್‌ಗಳನ್ನು ಬದಲಿಸುವುದು.

3. ನಿರ್ವಹಣಾ ಗುತ್ತಿಗೆದಾರರಿಗೆ ಕೆಲಸದ ಅವಧಿಗೆ ಮಾತ್ರ ದೂರಪ್ರವೇಶ ನೀಡಿ, ಕರಾರು ಮುಗಿದ ದಿನವೇ ಅದನ್ನು ರದ್ದುಪಡಿಸುವುದು.

4. ಕಾವಲುಗಾರರ ಹಿನ್ನೆಲೆ ಪರಿಶೀಲಿಸುವುದು. ಸರ್ವರ್ ಮತ್ತು ನಿಯಂತ್ರಣ ಕೊಠಡಿಗಳ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ದಾಖಲಿಸುವುದು.

5. ಬಾಡಿಗೆ ಕರಾರಿನಲ್ಲಿ ಯಾವ ಜಾಲ ಯಾರ ಹೊಣೆ, ಘಟನೆ ನಡೆದಾಗ ಯಾರು ಯಾರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ನಷ್ಟ ಯಾರು ಭರಿಸಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯುವುದು.

6. ಈಗಿರುವ ವಿಮೆ ಸೈಬರ್ ನಷ್ಟವನ್ನು ಒಳಗೊಂಡಿದೆಯೇ ಎಂದು ಪರಿಶೀಲಿಸುವುದು. ಬೆಂಕಿ ಮತ್ತು ಕಳವಿನ ವಿಮೆಯಲ್ಲಿ ಇದು ಸೇರಿದೆಯೆಂದು ಭಾವಿಸುವುದು ಸರಿಯಲ್ಲ.

ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವುಗಳಿಗೆ ಹಣಕ್ಕಿಂತ ಶಿಸ್ತು ಹೆಚ್ಚು ಬೇಕು. ಅಗ್ನಿಶಾಮಕ ಉಪಕರಣಗಳನ್ನು ಬೆಂಕಿ ಬೀಳುವ ಮುನ್ನವೇ ಇರಿಸುವ ಮಾಲೀಕರು ಬಾಡಿಗೆ ಕರಾರಿನ ನವೀಕರಣದ ಹೊತ್ತಿಗಾದರೂ ಈ ಅಂಶಗಳನ್ನು ಬಾಡಿಗೆದಾರರೊಂದಿಗೆ ಕುಳಿತು ಚರ್ಚಿಸುವುದು ಉಭಯತರಿಗೂ ಹಿತಕರ.