ಜಪಸರಕ್ಕೆ ಮುನ್ನ ಉಸಿರಿನ ಧ್ಯಾನ

ಸಹೋದರಿ, ಜಪಸರಕ್ಕೆ ಮುನ್ನ ಸುಮ್ಮನೆ ಕೂತು ಉಸಿರು ಗಮನಿಸುವುದನ್ನು ಪಾಪನಿವೇದನೆಯಲ್ಲಿ ಹೇಳಬೇಕೇ ಎಂದು ಕೇಳಿದ್ದೀರಿ. ಬೇಡ, ಬೌದ್ಧರಲ್ಲೂ ಇರುವ ಅಭ್ಯಾಸವೆಂದು ಅದು ಪಾಪವಾಗುವುದಿಲ್ಲ. ಬೌದ್ಧಧರ್ಮವೂ ಸೇರಿ ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಿರಸ್ಕರಿಸುವುದಿಲ್ಲ ಎಂದು ಕಥೋಲಿಕ ಧರ್ಮಸಭೆ 1965ರಲ್ಲೇ ಸಾರಿದೆ. ಕೊಡೈಕನಾಲ್ ಬಳಿ ಬೋಧಿ ಝೆಂಡೊ ಧ್ಯಾನಕೇಂದ್ರ ಸ್ಥಾಪಿಸಿ ಬೌದ್ಧರ ಝೆನ್ ಧ್ಯಾನ ಕಲಿಸಿದ ಆಮಾ ಸಾಮಿಯವರು ಯೇಸುಸಭೆಯ ಗುರುಗಳೇ.

ಆದರೆ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗುವುದಾದರೆ, ಅದಕ್ಕೆ ಮಾತ್ರ ನಾನು ಅಷ್ಟು ಸುಲಭವಾಗಿ ಹೂಂ ಅನ್ನಲಾರೆ. ವಿಪಶ್ಯನ ಗುರು ಗೋಯೆಂಕಾ ಅವರ ಪರಂಪರೆಯ ಶಿಬಿರದಲ್ಲಿ ಅಷ್ಟೂ ದಿನ ಪ್ರಾರ್ಥನೆ, ಜಪ ಎಲ್ಲ ನಿಲ್ಲಿಸಬೇಕು. ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ವಿಧಿಯೂ ಇದೆ. ಭಾನುವಾರದ ಬಲಿಪೂಜೆ ತಪ್ಪುತ್ತದೆ. ನಿಮ್ಮ ಧರ್ಮಗುರುಗಳ ಜತೆ ಮೊದಲು ಮಾತಾಡಿ. (ಗದರಿದರೆ ಇನ್ನೊಬ್ಬರನ್ನು ಕೇಳಿ, ಎಲ್ಲರೂ ಗದರುವುದಿಲ್ಲ.)

ಬುದ್ಧನ ದಾರಿ ಸೃಷ್ಟಿಕರ್ತನನ್ನು ಆಶ್ರಯಿಸಿಲ್ಲ, ನಿಮ್ಮದು ಅವನಿಲ್ಲದೆ ನಡೆಯದು. ಈ ಅಂತರವನ್ನು ತೇಪೆ ಹಾಕಿ ಮುಚ್ಚಬೇಡಿ. ಉಸಿರು ಗಮನಿಸಿ ಮನಸ್ಸು ನಿಂತ ಮೇಲೆ ಎದ್ದುಬಿಡದೆ, ಅಲ್ಲೇ ಒಂದು ಕೀರ್ತನೆ ಓದಿ. ಮೈತ್ರಿ ಧ್ಯಾನವನ್ನೂ ಮಾಡಿನೋಡಿ: ಶತ್ರುವನ್ನೂ ಪ್ರೀತಿಸಿ ಎಂಬ ಯೇಸುವಿನ ಆಜ್ಞೆಗೆ ಅದು ಒಳ್ಳೆಯ ಅಭ್ಯಾಸ. ಮೊದಲು ನಿಮಗೆ, ಆಮೇಲೆ ಆಪ್ತರಿಗೆ, ಕೊನೆಗೆ ಮಾತು ಬಿಟ್ಟಿರುವ ನಾದಿನಿಗೆ ಒಳ್ಳೆಯದನ್ನು ಹಾರೈಸಿ. ಅವರ ಸರದಿ ಬಂದಾಗ ಉಸಿರು ಬಿಗಿಯಾದರೆ ಗಾಬರಿಯಾಗಬೇಡಿ.