ಮಜ್ಜಿಗೆಯೂ ರಕ್ತದ ಕೊಲೆಸ್ಟರಾಲೂ

ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಊಟವು ಮಜ್ಜಿಗೆಯನ್ನದಿಂದ ಮುಗಿಯುವುದು ವಾಡಿಕೆ. ಮಜ್ಜಿಗೆಯೇ ರಕ್ತದ ಕೊಲೆಸ್ಟರಾಲೆಂಬ ಜಿಡ್ಡನ್ನು ತಗ್ಗಿಸುವುದೆಂದು ನಂಬಿ, ವೈದ್ಯರು ಕೊಟ್ಟ ಔಷಧವನ್ನು ಬಿಡುವವರೂ ಉಂಟು.

ನಂಬಿಕೆಯು ಪೂರ್ಣ ನಿರಾಧಾರವಲ್ಲ. 1974ರಲ್ಲಿ ಮಾನ್, ಸ್ಪೊರಿ ಎಂಬ ವಿದ್ವಾಂಸರು ಪೂರ್ವ ಆಫ್ರಿಕದ ಮಸಾಯಿ ಜನರಲ್ಲಿ, ಹುಳಿಹಾಲನ್ನು ಯಥೇಚ್ಛವಾಗಿ ಕುಡಿದವರ ಕೊಲೆಸ್ಟರಾಲು ಇಳಿದುದನ್ನು ಕಂಡರು. ಯಕೃತ್ತು ಈ ಜಿಡ್ಡಿನಿಂದಲೇ ಪಿತ್ತಲವಣಗಳನ್ನು ಮಾಡುವುದು. ಕೆಲವು ಲ್ಯಾಕ್ಟೊಬ್ಯಾಸಿಲಸ್ ತಳಿಗಳು ಕರುಳಿನಲ್ಲಿ ಅವನ್ನು ಒಡೆಯಲು, ಅವು ಮಲದೊಡನೆ ನಷ್ಟವಾಗಿ, ಹೊಸ ಲವಣಕ್ಕಾಗಿ ರಕ್ತದ ಕೊಲೆಸ್ಟರಾಲು ವೆಚ್ಚವಾಗುವುದು. ಆದರೆ ಎಲ್ಲ ಮನೆಯ ಹೆಪ್ಪಿನಲ್ಲಿಯೂ ಅಂಥ ತಳಿಗಳಿರವು. ಇದ್ದರೂ ಇಳಿತವು ಅಲ್ಪ.

ಮಜ್ಜಿಗೆಹುಳಿಯಾಗಿ ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುವುವು. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಕುದಿಸದೆ ಬಳಸುವುದು ಲೇಸು. ತೆಗೆದ ಬೆಣ್ಣೆಯು ಅದೇ ಎಲೆಯ ದೋಸೆಗೆ ಸೇರಿದರೆ ಫಲವೇನು? ಔಷಧವನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸತಕ್ಕುದಲ್ಲ.